ಎಂಆರ್‌ಐ ಮಷಿನ್ ಬಂದರೆ ಸಾಕಾ? ಹೊಟ್ಟೆ ಸ್ಕ್ಯಾನ್ ಓದುವ ಪಿಜಿ ವೈದ್ಯರ ತರಬೇತಿಯೇ ಅಸಲಿ ಪ್ರಶ್ನೆ

ಅರಸೀಕೆರೆಯ ಒಬ್ಬ ಕೊಬ್ಬರಿ ವ್ಯಾಪಾರಿ ಅಂತಿಟ್ಟುಕೊಳ್ಳಿ. ಬಲಪಕ್ಕೆಯಲ್ಲಿ ನೋವು, ಕಣ್ಣು ಸ್ವಲ್ಪ ಹಳದಿ. ಊರಲ್ಲೇ ಅಲ್ಟ್ರಾಸೌಂಡ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಗೊತ್ತಾಗುತ್ತದೆ. ಪಿತ್ತನಾಳದಲ್ಲೂ ಕಲ್ಲು ಸಿಕ್ಕಿಕೊಂಡಿದೆಯಾ ಅನ್ನೋದು ಮಾತ್ರ ಸರಿಯಾಗಿ ಕಾಣುವುದಿಲ್ಲ. ಡಾಕ್ಟರು ಚೀಟಿಯಲ್ಲಿ ‘ಎಂಆರ್‌ಸಿಪಿ’ ಅಂತ ಬರೆದು ಹಾಸನಕ್ಕೆ ಕಳಿಸುತ್ತಾರೆ. ಮರುದಿನ ಅಂಗಡಿ ಬಾಗಿಲು ಹಾಕಿ, ಖಾಲಿ ಹೊಟ್ಟೆಯಲ್ಲಿ ಸುಮಾರು 45 ಕಿ.ಮೀ. ಪ್ರಯಾಣ, ಸರದಿಗಾಗಿ ಕಾಯುವುದು, ಆಮೇಲೆ ಕೊಳವೆಯೊಳಗೆ ಅರ್ಧ ಗಂಟೆ. ಸಂಜೆ ಕೈಗೆ ಬರುವ ರಿಪೋರ್ಟಿನಲ್ಲಿ ಒಂದು ಸಾಲು: ಉಸಿರಾಟದಿಂದ ಚಿತ್ರ ಅಸ್ಪಷ್ಟ, ಮತ್ತೊಮ್ಮೆ ಮಾಡಿಸುವುದು ಸೂಕ್ತ.

ಇದು ಉದಾಹರಣೆಗೆ ಹೇಳಿದ ಮಾತು. ಆದರೆ ಇಂಥ ರಿಪೋರ್ಟು ಹಿಡಿದು ವಾಪಸ್ ಬಂದವರು ಯಾವ ತಾಲ್ಲೂಕಿಗೂ ಹೊಸಬರಲ್ಲ. ಒಂದು ದಿನದ ವ್ಯಾಪಾರ ಹೋಯಿತು, ದುಡ್ಡು ಹೋಯಿತು, ನೋವು ಅಲ್ಲೇ ಇದೆ. ತಪ್ಪು ಮಷಿನಿನದಾ? ಬಹಳ ಸಲ ಅಲ್ಲ. ಹೊಟ್ಟೆಯ ಎಂಆರ್‌ಐ ಚೆನ್ನಾಗಿ ಬರುವುದು ಕಾಂತದ ಬಲದ ಮೇಲಷ್ಟೇ ಅಲ್ಲ, ಅದನ್ನು ಮಾಡಿಸುವ, ಓದುವ ವೈದ್ಯರ ತರಬೇತಿಯ ಮೇಲೆ ನಿಂತಿದೆ.

ತಲೆ, ಬೆನ್ನು ಬೇರೆ, ಹೊಟ್ಟೆ ಬೇರೆ

ರೇಡಿಯಾಲಜಿಯಲ್ಲಿ ಎಂ.ಡಿ. ಓದು 3 ವರ್ಷದ್ದು. ಎಂಬಿಬಿಎಸ್ ಮುಗಿಸಿ ಬರುವ ಪಿಜಿ ವೈದ್ಯರು ಈ ಅವಧಿಯಲ್ಲಿ ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ, ಸೂಜಿ ಹಾಕಿ ತುಣುಕು ತೆಗೆಯುವ ಬಯಾಪ್ಸಿ, ಎಲ್ಲವನ್ನೂ ಕಲಿಯಬೇಕು. ಜೊತೆಗೆ ಒಂದು ಪ್ರಬಂಧ, ರಾತ್ರಿ ಪಾಳಿ, ತುರ್ತು ಕೇಸುಗಳು.

ಎಂಆರ್‌ಐ ಕೋಣೆಗೆ ಬರುವ ಕೇಸುಗಳಲ್ಲಿ ಮೆದುಳು, ಬೆನ್ನುಮೂಳೆ, ಮಂಡಿ ಇವುಗಳದ್ದೇ ದೊಡ್ಡ ಪಾಲು. ತಲೆ ಅಲ್ಲಾಡದಂತೆ ಇಡಬಹುದು, ಬೆನ್ನನ್ನೂ ಇಡಬಹುದು. ಹೊಟ್ಟೆಯ ಕಥೆ ಬೇರೆ. ಯಕೃತ್ತು ಪ್ರತಿ ಉಸಿರಿಗೂ ಮೇಲೆ ಕೆಳಗೆ ಸರಿಯುತ್ತದೆ. ಕರುಳು ತನ್ನ ಪಾಡಿಗೆ ತಾನು ಚಲಿಸುತ್ತಿರುತ್ತದೆ. ಪಕ್ಕದಲ್ಲೇ ರಕ್ತನಾಳ ಮಿಡಿಯುತ್ತದೆ. ಹೀಗಾಗಿ ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನ್, ಅಂದರೆ ‘ಬಾಡಿ ಎಂಆರ್‌ಐ’, ಪ್ರತ್ಯೇಕವಾಗಿ ಕಲಿಯಬೇಕಾದ ವಿದ್ಯೆ. ಇಲ್ಲಿ ಕೇಸು ಕಡಿಮೆ ಸಿಕ್ಕಿದರೆ ಕಲಿಕೆಯೂ ಕಡಿಮೆ.

ಇದರ ಬಿಸಿ ತಟ್ಟುವುದು ರೋಗಿಗೆ. ಗುದದ ಕೆಳಭಾಗದ ಕ್ಯಾನ್ಸರ್‌ಗೆ ಮೊದಲು ಆಪರೇಷನ್ನಾ, ಅಥವಾ ಮೊದಲು ರೇಡಿಯೇಷನ್ ಮತ್ತು ಕೀಮೋನಾ ಎಂಬ ತೀರ್ಮಾನ ಬಹುಮಟ್ಟಿಗೆ ಎಂಆರ್‌ಐ ರಿಪೋರ್ಟಿನ ಮೇಲೆ ಆಗುತ್ತದೆ. ಜನ ಭಗಂದರ ಅನ್ನುವ ಫಿಸ್ಟುಲಾದಲ್ಲಿ ಕೀವಿನ ಒಂದು ಸಣ್ಣ ಕವಲು ಕಣ್ತಪ್ಪಿದರೂ ಆಪರೇಷನ್ ಆದ ಮೇಲೆ ಅದೇ ತೊಂದರೆ ಮತ್ತೆ ಬರುತ್ತದೆ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಅನುಮಾನ ಎಷ್ಟು ಗಟ್ಟಿ ಎಂದು ಹೇಳಲು ‘ಪೈ-ರಾಡ್ಸ್’ ಎಂಬ 1ರಿಂದ 5ರ ಅಂಕವಿದೆ. ಅದೇ ಚಿತ್ರಕ್ಕೆ ಅನುಭವ ಇಲ್ಲದವರು 3 ಕೊಟ್ಟು, ಅನುಭವಿ 4 ಕೊಟ್ಟರೆ ಬಯಾಪ್ಸಿ ಮಾಡಿಸುವ ಸಲಹೆಯೇ ಬದಲಾಗಬಹುದು.

ಚೀಟಿ ನೋಡಿ ಅಲ್ಲ, ರೋಗಿಯನ್ನು ಕೇಳಿ

ಬಾಡಿ ಎಂಆರ್‌ಐನಲ್ಲಿ ಮೊದಲ ಪಾಠ ಯಾವ ಸ್ಕ್ಯಾನ್ ಮಾಡಬೇಕು ಅನ್ನೋದು. ಚೀಟಿಯಲ್ಲಿ ‘ಎಂಆರ್‌ಐ ಅಬ್ಡೊಮನ್, ಹೊಟ್ಟೆನೋವು’ ಅಂತ ಮಾತ್ರ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಪಿತ್ತನಾಳದ ಕಲ್ಲು ನೋಡಲು ದ್ರವವನ್ನು ಬೆಳ್ಳಗೆ ತೋರಿಸುವ ಚಿತ್ರ ಬೇಕು. ಅದರಲ್ಲಿ ಕಲ್ಲು ಕಪ್ಪಗೆ ಕಾಣುತ್ತದೆ. ಇದಕ್ಕೆ ಸಾಮಾನ್ಯವಾಗಿ ಇಂಜೆಕ್ಷನ್ ಬೇಡ. ಯಕೃತ್ತಿನ ಗಡ್ಡೆ ಎಂಥದ್ದು ಅಂತ ತಿಳಿಯಲು ಗ್ಯಾಡೋಲಿನಿಯಂ ಇರುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು, ಸೆಕೆಂಡು ಲೆಕ್ಕದಲ್ಲಿ ಹಂತ ಹಂತವಾಗಿ ಚಿತ್ರ ತೆಗೆಯಬೇಕು. ಆ ಕ್ಷಣ ತಪ್ಪಿದರೆ ಅದೇ ಇಂಜೆಕ್ಷನ್ನಿನಲ್ಲಿ ಇನ್ನೊಂದು ಅವಕಾಶ ಇಲ್ಲ.

ಹಾಗಾಗಿ ಪಿಜಿ ವೈದ್ಯರು ಕಂಪ್ಯೂಟರ್ ಮುಂದೆ ಕೂತು ರಿಪೋರ್ಟು ಬರೆಯುವುದಕ್ಕೆ ಮೊದಲು ರೋಗಿಯ ಪಕ್ಕ ನಿಂತು ಮಾತಾಡಬೇಕು. ನೋವು ಎಲ್ಲಿ, ಯಾವಾಗಿನಿಂದ, ಹಿಂದೆ ಆಪರೇಷನ್ ಆಗಿದೆಯಾ, ಹಳೇ ಸ್ಕ್ಯಾನ್ ಇದೆಯಾ? ಎರಡು ನಿಮಿಷದ ಈ ಮಾತು ಒಂದು ಮರು-ಸ್ಕ್ಯಾನನ್ನು ತಪ್ಪಿಸಬಲ್ಲದು.

‘ಉಸಿರು ಹಿಡಿ’ ಅನ್ನೋದನ್ನೂ ಕಲಿಸಬೇಕು

ಹೊಟ್ಟೆಯ ಬಹಳಷ್ಟು ಚಿತ್ರಗಳಿಗೆ ರೋಗಿ 15ರಿಂದ 20 ಸೆಕೆಂಡು ಉಸಿರು ಹಿಡಿಯಬೇಕು. ಸ್ಪೀಕರ್‌ನಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ರೆಕಾರ್ಡ್ ಮಾಡಿದ ದನಿ ಬಂದರೆ, ಆ ಗದ್ದಲದಲ್ಲಿ ಅರವತ್ತು ದಾಟಿದ ಅಜ್ಜಿಗೆ ಏನು ಅರ್ಥವಾಗಬೇಕು? ಒಳಗೆ ಕಳಿಸುವ ಮೊದಲೇ ಹೊರಗಿನ ಬೆಂಚಿನ ಮೇಲೆ ಕೂರಿಸಿ, “ಉಸಿರು ತಗೊಳ್ಳಿ ಅಜ್ಜಿ, ಈಗ ಬಿಡಿ, ಹಂಗೇ ಹಿಡ್ಕೊಳ್ಳಿ” ಅಂತ ನಾಲ್ಕು ಸಲ ಮಾಡಿಸಿದರೆ ಚಿತ್ರದ ಗುಣಮಟ್ಟವೇ ಬದಲಾಗುತ್ತದೆ. ಉಸಿರು ಹಿಡಿಯಲು ಆಗದವರಿಗೆ ಉಸಿರಾಟದ ಲಯಕ್ಕೆ ಹೊಂದಿಸಿ ತೆಗೆಯುವ ವಿಧಾನಗಳೂ ಇವೆ. ಯಾರಿಗೆ ಯಾವುದು ಅಂತ ನಿರ್ಧರಿಸುವುದು ವೈದ್ಯರ ಕೆಲಸ.

ಕೊಳವೆಯೊಳಗೆ ಭಯ ಆಗುವುದು ಸಹಜ. ಸದ್ದು ಜೋರು, ಜಾಗ ಇಕ್ಕಟ್ಟು. ಕೈಗೆ ಕರೆಗಂಟೆಯ ಬಲ್ಬ್ ಕೊಟ್ಟು, ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಹಾಕಿ, “ಬೇಡ ಅನ್ನಿಸಿದರೆ ಒತ್ತಿ, ನಾವು ಇಲ್ಲೇ ಇದ್ದೀವಿ” ಅಂತ ಹೇಳುವುದು ಉಪಚಾರದ ಮಾತಲ್ಲ, ಚಿಕಿತ್ಸೆಯ ಭಾಗ. ಕಿಬ್ಬೊಟ್ಟೆಯ ಸ್ಕ್ಯಾನಿಗೆ ಬಂದ ಹೆಣ್ಣುಮಗಳಿಗೆ ಮರ್ಯಾದೆ ಕಾಯುವ ಬಟ್ಟೆ, ಜೊತೆಗೆ ಒಬ್ಬ ಮಹಿಳಾ ಸಿಬ್ಬಂದಿ ಇರಬೇಕು ಅನ್ನೋದೂ ಅಷ್ಟೇ ಮುಖ್ಯ.

ಕಾಂತ ಯಾವತ್ತೂ ಆಫ್ ಆಗಲ್ಲ

ಇನ್ನು ಸುರಕ್ಷತೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ ಆ ಕಾಂತ ಜಾಗೃತವಾಗೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈನ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆ ಬಂದಿದ್ದ ಸಂಬಂಧಿಕರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದಾಗ ಯಂತ್ರ ಸಿಲಿಂಡರ್ ಸಮೇತ ಅವರನ್ನು ಎಳೆದುಕೊಂಡಿತು. ಅವರು ಬದುಕಲಿಲ್ಲ. ಯಂತ್ರ ಆಫ್ ಇದೆ ಅಂತ ಸಿಬ್ಬಂದಿ ಹೇಳಿದ್ದರು ಎಂಬುದು ಕುಟುಂಬದ ಆರೋಪವಾಗಿತ್ತು.

ನಮ್ಮ ಕಡೆಯ ರೋಗಿಯ ಮೈಮೇಲೆ ಏನೇನಿರುತ್ತದೆ ಅಂತ ಪಿಜಿ ವೈದ್ಯರಿಗೆ ಗೊತ್ತಿರಬೇಕು: ಸೆರಗಿನ ಪಿನ್ನು, ಹೇರ್‌ಪಿನ್ನು, ಉಡಿದಾರಕ್ಕೆ ಕಟ್ಟಿದ ತಾಯತ, ಕಾಲುಂಗುರ, ಜೇಬಿನ ಬೀಗದ ಕೈ. ಪೇಸ್‌ಮೇಕರ್ ಇದ್ದರೆ ಅದು ಎಂಆರ್‌ಐಗೆ ಆಗುವಂಥದ್ದಾ ಅಂತ ಕಾರ್ಡ್ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಕಿಡ್ನಿ ತೀರಾ ದುರ್ಬಲವಾದವರಿಗೆ ಕೆಲವು ಬಗೆಯ ಗ್ಯಾಡೋಲಿನಿಯಂನಿಂದ ಚರ್ಮ ಗಟ್ಟಿಯಾಗುವ ಗಂಭೀರ ಕಾಯಿಲೆ ಬರಬಹುದು ಅನ್ನೋದು 2006ರಿಂದ ವೈದ್ಯಲೋಕಕ್ಕೆ ಗೊತ್ತಿದೆ. ಗರ್ಭಿಣಿಯರಿಗೂ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ‘ಶುಗರ್ ಇದೆಯಾ, ಕಿಡ್ನಿ ತೊಂದರೆ ಇದೆಯಾ, ತಿಂಗಳು ನಿಂತಿದೆಯಾ’ ಅಂತ ಕೇಳುವುದು ಫಾರಂ ತುಂಬುವ ಶಾಸ್ತ್ರ ಆಗಬಾರದು.

ಜಿಲ್ಲಾ ಆಸ್ಪತ್ರೆಯ ಮೂರು ತಿಂಗಳು

ಇಲ್ಲಿ ಜಿಲ್ಲೆಗಳಿಗೆ ನೇರ ಸಂಬಂಧ ಇರುವ ಒಂದು ನಿಯಮ ಇದೆ. ‘ಜಿಲ್ಲಾ ರೆಸಿಡೆನ್ಸಿ’ ಎಂಬ ವ್ಯವಸ್ಥೆಯನ್ನು 2020ರಲ್ಲಿ ಪ್ರಕಟಿಸಲಾಯಿತು. ಅದರ ಪ್ರಕಾರ ಎಂ.ಡಿ., ಎಂ.ಎಸ್. ಓದುವ ಪ್ರತಿ ಪಿಜಿ ವೈದ್ಯರು 3, 4 ಅಥವಾ 5ನೇ ಸೆಮಿಸ್ಟರ್‌ನಲ್ಲಿ 3 ತಿಂಗಳು ಜಿಲ್ಲಾ ಆಸ್ಪತ್ರೆ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕು. ರೇಡಿಯಾಲಜಿ ಪಿಜಿಗಳೂ ಇದರಲ್ಲಿ ಸೇರುತ್ತಾರೆ.

ಈ 3 ತಿಂಗಳನ್ನು ಬರೀ ಹಾಜರಿ ಪುಸ್ತಕಕ್ಕೆ ಬಿಡಬಾರದು. ಎಂಆರ್‌ಐ ಇರುವ ಜಿಲ್ಲಾ ಆಸ್ಪತ್ರೆಯಲ್ಲಿ ಪಿಜಿ ವೈದ್ಯರು ಕನ್ಸೋಲ್ ಹತ್ತಿರ ಟೆಕ್ನಿಷಿಯನ್ ಜೊತೆ ಕೂತು ಕಲಿಯಬಹುದು. ತಾಲ್ಲೂಕು ವೈದ್ಯರಿಗೆ ಫೋನ್ ಮಾಡಿ ‘ನಿಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು’ ಅಂತ ಕೇಳಬಹುದು. ದೂರದ ನಗರದಲ್ಲಿ ಕೂತು ರಿಪೋರ್ಟು ಕೊಡುವ ಟೆಲಿರೇಡಿಯಾಲಜಿ ಈಗ ಮಾಮೂಲಿ. ಅದು ಅಗತ್ಯವೂ ಹೌದು. ಆದರೆ ಪರದೆ ಮುಂದೆ ಕೂತವರು ಅಜ್ಜಿಗೆ ಉಸಿರು ಹಿಡಿಯುವುದನ್ನು ಕಲಿಸಲಾರರು.

ಇದರ ಇನ್ನೊಂದು ಮಗ್ಗುಲೂ ಇದೆ. ಕಲಿಸುವ ಹಿರಿಯ ವೈದ್ಯರು ಪಕ್ಕದಲ್ಲಿ ಇಲ್ಲದಿದ್ದರೆ ಪಿಜಿ ವೈದ್ಯರು ತಪ್ಪನ್ನೇ ಅಭ್ಯಾಸ ಮಾಡಿಕೊಳ್ಳುತ್ತಾರೆ. ಕೇಸಿನ ಒತ್ತಡ ಹೆಚ್ಚಿದ್ದರೆ ಪ್ರತಿ ರೋಗಿಗೆ ಎರಡು ನಿಮಿಷ ಕೊಡುವುದೂ ಕಷ್ಟ. ಅದಕ್ಕೇ ಹೊಣೆ ಪಿಜಿಗಳ ಮೇಲೆ ಮಾತ್ರ ಹಾಕಿದರೆ ಆಗದು. ಕಾಲೇಜುಗಳು ಲಾಗ್‌ಬುಕ್‌ನಲ್ಲಿ ಬಾಡಿ ಎಂಆರ್‌ಐ ಕೇಸುಗಳನ್ನು ಪ್ರತ್ಯೇಕವಾಗಿ ಬರೆಸಬೇಕು. ಆಪರೇಷನ್ ಮತ್ತು ಬಯಾಪ್ಸಿ ಆದ ಮೇಲೆ ರಿಪೋರ್ಟು ಸರಿಯಿತ್ತಾ ಅಂತ ಸರ್ಜನ್, ಪೆಥಾಲಜಿಸ್ಟ್ ಜೊತೆ ಕೂತು ತಾಳೆ ನೋಡಬೇಕು. ತನ್ನ ತಪ್ಪು ತನಗೆ ಕಂಡಾಗಲೇ ಕಣ್ಣು ಪಳಗುವುದು.

ಸ್ಕ್ಯಾನಿಗೆ ಹೋಗುವವರು ಗಮನಿಸಿ

- ಹಳೇ ಸ್ಕ್ಯಾನ್ ಫಿಲ್ಮ್, ಆಪರೇಷನ್ ಚೀಟಿ, ಕಿಡ್ನಿಯ ರಕ್ತಪರೀಕ್ಷೆ ರಿಪೋರ್ಟು ಜೊತೆಗಿರಲಿ.
- ಎಷ್ಟು ಹೊತ್ತು ಉಪವಾಸ ಅಂತ ಮೊದಲೇ ಕೇಳಿಕೊಳ್ಳಿ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ.
- ಮೈಯೊಳಗೆ ಪೇಸ್‌ಮೇಕರ್, ಕ್ಲಿಪ್, ರಾಡ್ ಏನಿದ್ದರೂ ಹೇಳಿ. ರೋಗಿಯ ಜೊತೆ ಒಳಗೆ ಹೋಗುವವರಿಗೂ ಇದೇ ನಿಯಮ.
- ಉಸಿರು ಹಿಡಿಯುವುದನ್ನು ಹೊರಗೇ ಒಮ್ಮೆ ಮಾಡಿ ತೋರಿಸಿ ಅಂತ ಕೇಳಿ. ಸಂಕೋಚ ಬೇಡ.

ಹೊಸ ಯಂತ್ರ ಬಂದಾಗ ರಿಬ್ಬನ್ ಕತ್ತರಿಸುವ ಫೋಟೊ ಎಲ್ಲರಿಗೂ ಕಾಣುತ್ತದೆ. ಅದರ ಮುಂದೆ ಕೂರುವ ವೈದ್ಯರಿಗೆ ಯಾರು, ಎಷ್ಟು ದಿನ, ಎಷ್ಟು ಕೇಸಿನಲ್ಲಿ ಕಲಿಸಿದರು ಅನ್ನೋದು ಕಾಣುವುದಿಲ್ಲ. ಆ ವ್ಯಾಪಾರಿ ಎರಡನೇ ಸಲ ಅಂಗಡಿ ಬಾಗಿಲು ಹಾಕಬೇಕಾ ಬೇಡವಾ ಅನ್ನೋದು ನಿರ್ಧಾರವಾಗುವುದು ಮಾತ್ರ ಅಲ್ಲೇ.