ಮನೆಗಿಂತ ಮೊದಲು ಬಡಾವಣೆ ನೋಡಿ
ಬೆಂಗಳೂರಿನ ಅಂಚಿನಲ್ಲಿ ಮನೆ ಮಾಡಲು ಹೊರಟವರು ಟೈಲ್ಸು, ಬಾಲ್ಕನಿ ನೋಡುವ ಮೊದಲು ನೀರಿನ ಮೂಲ ವಿಚಾರಿಸಬೇಕು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಆ ಭಾಗದ ಬಹುಪಾಲು ಮನೆಗಳಿಗೆ ಕೊಳವೆಬಾವಿ, ಟ್ಯಾಂಕರುಗಳೇ ಗತಿಯಾಗಿದ್ದವು. ಆದ್ದರಿಂದ ಬಿರುಬೇಸಿಗೆಯಲ್ಲಿ ಒಮ್ಮೆ ಹೋಗಿ, ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ಅಲ್ಲಿ ವಾಸವಿರುವವರನ್ನೇ ಕೇಳಿ. ಜೋರು ಮಳೆ ಬಿದ್ದ ಮರುದಿನ ಇನ್ನೊಮ್ಮೆ ಹೋಗಿ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ಆಸುಪಾಸಿನ ದುಬಾರಿ ವಿಲ್ಲಾಗಳೂ ಜಲಾವೃತವಾದವು; ತಗ್ಗಿಗೆ ಹರಿಯುವ ನೀರಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ. ಕೆರೆ, ರಾಜಕಾಲುವೆ ಎಲ್ಲಿವೆ ಎಂಬುದನ್ನು ಗ್ರಾಮನಕ್ಷೆಯಲ್ಲಿ ಪತ್ತೆಮಾಡಿ. ಖಾತೆ, ಸ್ವಾಧೀನಾನುಭವ ಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿ. ಮೆಟ್ರೊ ಹತ್ತಿರವಿದೆ ಎಂದರೆ, ನಿಲ್ದಾಣಕ್ಕೆ ನಡೆದು ಹೋಗಲು ಫುಟ್‌ಪಾತ್ ಇದೆಯೇ, ರಾತ್ರಿ ಬೀದಿದೀಪ ಉರಿಯುತ್ತದೆಯೇ ನೋಡಿ. ಕಚೇರಿ ಸಮಯದಲ್ಲಿ ಬಿಎಂಟಿಸಿ ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತದೆ ಎಂದು ನಿಂತು ಗಮನಿಸಿ. ಮಕ್ಕಳು ಸಂಜೆ ಹೊರಗೆ ಆಡಬಹುದಾದ, ಹಿರಿಯರು ಒಬ್ಬರೇ ನಡೆದು ಹಾಲು ತರಬಹುದಾದ ಬೀದಿ ಸಿಕ್ಕರೆ, ಮನೆ ಒಂದು ಕೋಣೆ ಚಿಕ್ಕದಾದರೂ ಅದನ್ನೇ ಆರಿಸಿಕೊಳ್ಳಿ.