ಎಮರಾಲ್ಡ್ ಕೆರೆಯ ನಕ್ಷೆ: ಮೀನಿಗಿಂತ ಮೊದಲು ಆಳ, ಗಡಿ ಗೊತ್ತಾಗಲಿ

ಇತ್ತಲಾರ್: ಊಟಿಯಿಂದ ಮುತ್ತೊರೆ ಪಾಲಾಡ ದಾಟಿ ನಮ್ಮೂರ ಮೇಲೆ ಎಮರಾಲ್ಡ್‌ಗೆ ಹೋಗುವ ಹೊಸಬರು ಮೊಬೈಲ್ ನಕ್ಷೆ ತೋರಿಸಿ ಕೇಳುವ ಪ್ರಶ್ನೆ ಒಂದೇ. ಗಾಳ ಹಾಕಲು ಒಳ್ಳೆಯ ಜಾಗ ಎಲ್ಲಿದೆ? ನಕ್ಷೆಯಲ್ಲಿ ಎಮರಾಲ್ಡ್, ಅವಲಾಂಚಿ ಎರಡೂ ನೀಲಿ ಬಣ್ಣದಲ್ಲಿ ಚೆನ್ನಾಗಿಯೇ ಕಾಣುತ್ತವೆ. ಆದರೆ ಆ ನೀಲಿ ಬಣ್ಣ ಮೂರು ಮುಖ್ಯ ವಿಷಯಗಳನ್ನು ಹೇಳುವುದಿಲ್ಲ. ನೀರು ಎಷ್ಟು ಆಳ? ಇವತ್ತು ನೀರು ಎಲ್ಲಿಯವರೆಗೆ ಇದೆ? ಇಲ್ಲಿ ಗಾಳ ಹಾಕಲು ಯಾರ ಅನುಮತಿ ಬೇಕು?

ಈ ಮೂರಕ್ಕೂ ಉತ್ತರ ಹೇಳುವ ಒಂದು ಹಾಳೆಯ ನಕ್ಷೆ ನಮ್ಮ ಕೆರೆಗಳಿಗೆ ಬೇಕಾಗಿದೆ. ಇದು ಬರೀ ಹವ್ಯಾಸದವರ ಬೇಡಿಕೆಯಲ್ಲ, ದಡದಲ್ಲೇ ಬದುಕುವ ನಮ್ಮ ಹುಡುಗರ ಸುರಕ್ಷತೆಯ ಪ್ರಶ್ನೆ.

ಕೆರೆಯಲ್ಲ, ಅಣೆಕಟ್ಟು

ನಾವು ರೂಢಿಯಲ್ಲಿ ಕೆರೆ ಎನ್ನುತ್ತೇವೆ. ವಾಸ್ತವವಾಗಿ ಇವು ಕುಂದಾ ಜಲವಿದ್ಯುತ್ ಯೋಜನೆಗಾಗಿ ಕಟ್ಟಿದ ಅವಳಿ ಜಲಾಶಯಗಳು. ಕೊಲಂಬೊ ಯೋಜನೆಯಡಿ ಕೆನಡಾ ದೇಶದ ನೆರವಿನಿಂದ 1950ರ ದಶಕದಲ್ಲಿ ಶುರುವಾದ ಕೆಲಸ ಅದು. ಕಣಿವೆ ಮುಳುಗಿ ಆದ ಜಲಾಶಯಕ್ಕೆ ಸಾಮಾನ್ಯ ಕೆರೆಯಂತೆ ಬಟ್ಟಲಿನ ಆಕಾರ ಇರುವುದಿಲ್ಲ. ಕೆಳಗೆ ಹಳೆಯ ಹಳ್ಳದ ದಾರಿ, ಇಳಿಜಾರು, ಬಂಡೆ ಎಲ್ಲವೂ ಹಾಗೆಯೇ ಇರುತ್ತವೆ. ದಡದಿಂದ ನಾಲ್ಕು ಹೆಜ್ಜೆ ಮೊಣಕಾಲುದ್ದ ನೀರು, ಐದನೇ ಹೆಜ್ಜೆಗೆ ತಳ ಸಿಗದ ಆಳ. ಹೀಗಾಗುವುದು ಇಂಥ ನೀರಿನ ಸ್ವಭಾವ.

ಮೇಲಾಗಿ ವಿದ್ಯುತ್ ಬೇಡಿಕೆಗೆ ತಕ್ಕಂತೆ ನೀರಿನ ಮಟ್ಟ ಏರಿಳಿಯುತ್ತದೆ. ಕುಂದಾ ಪಂಪ್ಡ್ ಸ್ಟೋರೇಜ್ ಯೋಜನೆ 500 ಮೆಗಾವಾಟ್‌ನದು. ಅದರಲ್ಲಿ ಪೋರ್ತಿಮುಂದು ಮೇಲಿನ ಜಲಾಶಯ, ಅವಲಾಂಚಿ-ಎಮರಾಲ್ಡ್ ಕೆಳಗಿನ ಜಲಾಶಯ. ಬೇಡಿಕೆ ಕಡಿಮೆ ಇರುವಾಗ ನೀರನ್ನು ಮೇಲಕ್ಕೆ ಪಂಪ್ ಮಾಡುವುದು, ಬೇಡಿಕೆ ಹೆಚ್ಚಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವುದು ಇದರ ಕ್ರಮ. ಇಂಥ ವ್ಯವಸ್ಥೆಯಲ್ಲಿ ನೀರಿನ ಮಟ್ಟ ಋತುಮಾನಕ್ಕಷ್ಟೇ ಅಲ್ಲ, ದಿನದೊಳಗೇ ಬದಲಾಗಬಲ್ಲದು. ಬೆಳಿಗ್ಗೆ ಕುಳಿತ ಜಾಗ ಸಂಜೆಗೆ ಅದೇ ಆಗಿರುತ್ತದೆ ಎಂಬ ಭರವಸೆ ಇಲ್ಲ.

ಯಾರ ನೀರು, ಯಾರ ಮೀನು?

ಅಣೆಕಟ್ಟು ವಿದ್ಯುತ್ ಸಂಸ್ಥೆಯದು, ಮೀನು ಮೀನುಗಾರಿಕೆ ಇಲಾಖೆಯದು, ಕಾಡಿನ ದಡ ಅರಣ್ಯ ಇಲಾಖೆಯದು. ಅತ್ತ ಮುಕುರ್ತಿ 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ಬಳಿಕ 'ಪ್ರಾಣಿ' ಎಂಬ ಪದದ ಅರ್ಥದಲ್ಲಿ ಮೀನೂ ಸೇರಿದೆ. ಅಂದರೆ ಉದ್ಯಾನದ ಗಡಿಯೊಳಗಿನ ಹೊಳೆಗೆ ಗಾಳ ಇಳಿಸಿದರೆ ಅದು ಹವ್ಯಾಸ ಎನಿಸಿಕೊಳ್ಳುವುದಿಲ್ಲ, ಬೇಟೆಯ ಮೊಕದ್ದಮೆಯೇ ಆಗಬಹುದು.

ಇಲ್ಲಿನ ಟ್ರೌಟ್ ಮೀನಿನ ಕಥೆಯೂ ಗೊಂದಲಕ್ಕೆ ಕಾರಣ. ಇದು ಈ ನೆಲದ ಮೀನಲ್ಲ. 1860ರ ದಶಕದಲ್ಲೇ ಆಂಗ್ಲರು ತರಲು ಯತ್ನಿಸಿದರು. ಎಚ್.ಸಿ. ವಿಲ್ಸನ್ ಅವರ ಕಾಲದಲ್ಲಿ, 1907ರಲ್ಲಿ ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಬಂದ ಮೇಲೆ ಅದು ನೆಲೆಯೂರಿತು. ಆ ಕಾಲದಲ್ಲಿ ಲೈಸೆನ್ಸ್ ಪಡೆದು ಎಲ್ಲೆಂದರಲ್ಲಿ ಟ್ರೌಟ್ ಹಿಡಿದ ನೆನಪು ಹಳೆಯ ಪುಸ್ತಕಗಳಲ್ಲಿ ಉಳಿದಿದೆ. ಅದನ್ನು ಓದಿ ಬಂದವರಿಗೆ ಇಂದಿನ ಗಡಿ ಕಣ್ಣಿಗೆ ಕಾಣುವುದಿಲ್ಲ. ದಂಡ ಬಿದ್ದಾಗ ಹೊರಗಿನವರು ಕಾರು ಹತ್ತಿ ಹೋಗುತ್ತಾರೆ. ದಾರಿ ತೋರಿಸಿದ ಊರ ಹುಡುಗ ಸಿಕ್ಕಿಹಾಕಿಕೊಳ್ಳುತ್ತಾನೆ.

ದೋಣಿ ಇಲ್ಲದೆಯೂ ಅಳೆಯಬಹುದು

ನಕ್ಷೆ ಮಾಡುವುದು ಕಷ್ಟವೇ? ಸ್ಕಾಟ್ಲೆಂಡಿನಲ್ಲಿ ಜಾನ್ ಮರ್ರೆ ಮತ್ತು ಲಾರೆನ್ಸ್ ಪುಲ್ಲರ್ ಅವರ ತಂಡ 1897ರಿಂದ 1909ರ ನಡುವೆ ದೋಣಿಯಲ್ಲಿ ಕುಳಿತು, ತಂತಿ ಇಳಿಸಿ 562 ಸರೋವರಗಳ ಆಳ ಅಳೆಯಿತು. ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಸರಕಾರವೇ ಸಾವಿರಾರು ಕೆರೆಗಳ ಮಾಹಿತಿಯನ್ನು, ಆಳದ ನಕ್ಷೆ ಸಮೇತ, ಜನರಿಗೆ ಉಚಿತವಾಗಿ ಕೊಡುತ್ತದೆ.

ನಮಗೆ ಇನ್ನೂ ಸುಲಭದ ದಾರಿ ಇದೆ. ಜಲಾಶಯದ ನೀರು ಇಳಿದಂತೆಲ್ಲ ದಡ ತಾನೇ ಒಂದು ಗೆರೆ ಎಳೆಯುತ್ತದೆ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ, ಸುಮಾರು 5 ದಿನಕ್ಕೊಮ್ಮೆ ಸಿಗುತ್ತವೆ, 10 ಮೀಟರ್‌ವರೆಗಿನ ವಿವರ ತೋರಿಸುತ್ತವೆ. ಆಯಾ ದಿನದ ದಡದ ಗೆರೆಗೆ ಅದೇ ದಿನದ ಅಣೆಕಟ್ಟಿನ ನೀರಿನ ಮಟ್ಟವನ್ನು ಜೋಡಿಸಿದರೆ, ನೀರು ಇಳಿಯುವಷ್ಟು ಭಾಗದ ಆಳದ ನಕ್ಷೆ ಸಿದ್ಧ. ಹೂಳು ಲೆಕ್ಕ ಹಾಕಲು ಎಂಜಿನಿಯರುಗಳು ಬಳಸುವ ಕ್ರಮವೂ ಇದೇ. ಸದಾ ನೀರಿರುವ ಭಾಗಕ್ಕೆ ಮಾತ್ರ ದೋಣಿ ಬೇಕು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ನಕ್ಷೆ ತಯಾರಿಕೆಯ ನಿಯಮಗಳನ್ನು ಸಡಿಲಿಸಿದ ಮೇಲೆ ಭಾರತೀಯರಿಗೆ ಈ ಕೆಲಸದಲ್ಲಿ ಹಿಂದಿನಷ್ಟು ಅಡೆತಡೆ ಇಲ್ಲ.

ಆದರೆ ಒಮ್ಮೆ ಮಾಡಿ ಬಿಟ್ಟರೆ ಸಾಲದು. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಅಂಥ ಮಳೆ ಗುಡ್ಡದ ಮಣ್ಣನ್ನೂ, ನಮ್ಮ ಕ್ಯಾರೆಟ್, ಆಲೂಗಡ್ಡೆ ಹೊಲಗಳ ಮಣ್ಣನ್ನೂ ನೀರಿಗೆ ತಂದು ಹಾಕುತ್ತದೆ. ಹಳ್ಳ ಬಂದು ಸೇರುವ ಕಡೆ ಗಟ್ಟಿ ನೆಲದಂತೆ ಕಂಡರೂ ಕಾಲಿಟ್ಟರೆ ಹೂತುಹೋಗುವ ಕೆಸರು ಅದು. ಆದ್ದರಿಂದ ನಕ್ಷೆಯ ಮೇಲೆ ಅಳೆದ ತಾರೀಖು, ಅಂದಿನ ನೀರಿನ ಮಟ್ಟ ಎರಡನ್ನೂ ನಮೂದಿಸಲೇಬೇಕು.

ಎಲ್ಲವನ್ನೂ ತೋರಿಸಬೇಕೇ?

ಬೇಡ. ಇದಕ್ಕೆ ನಮ್ಮ ಜಿಲ್ಲೆಯ ಕೆಳಗಡೆಯೇ ಉದಾಹರಣೆ ಇದೆ. ಪೈಕಾರ ನೀರು ಇಳಿದು ಮೋಯಾರ್ ಆಗಿ, ಮುದುಮಲೆ-ಬಂಡೀಪುರದ ನಡುವೆ ಎರಡು ರಾಜ್ಯಗಳ ಗಡಿಯಾಗಿ ಹರಿಯುತ್ತದೆ. ಕಾವೇರಿ ಸೀಮೆಯ ಗೂನುಬೆನ್ನಿನ ಮಹಶೀರ್ ಮೀನು ಆ ಹೊಳೆಯಲ್ಲೂ ಇದೆ. 2018ರಲ್ಲಿ ಅದು ಅಳಿವಿನ ಅತಿ ಅಂಚಿನಲ್ಲಿರುವ ಜೀವಿ ಎಂಬ ಪಟ್ಟಿಗೆ ಸೇರಿತು. ಇಂಥ ಮೀನಿನ ಮಡುವನ್ನು ನಕ್ಷೆಯಲ್ಲಿ ಗುರುತಿಸಿದರೆ ಸಿಡಿಮದ್ದು ಹಾಕುವವನಿಗೆ ವಿಳಾಸ ಬರೆದುಕೊಟ್ಟಂತೆ. ಆಳ, ಅಪಾಯ, ಗಡಿ ತೋರಿಸಲಿ. ಅಪರೂಪದ ಮೀನಿನ ಮನೆ ಗುಟ್ಟಾಗಿಯೇ ಇರಲಿ.

ಮಾಡಬೇಕಾದ್ದು ದೊಡ್ಡದೇನಲ್ಲ. ಮೂರು ಇಲಾಖೆಗಳು ಒಂದೇ ಮೇಜಿಗೆ ಕುಳಿತು, ಗಾಳ ಹಾಕಬಹುದಾದ ದಡ ಯಾವುದು, ಹಾಕಬಾರದ್ದು ಯಾವುದು, ಚೀಟಿ ಎಲ್ಲಿ ಸಿಗುತ್ತದೆ ಎಂಬುದನ್ನು ಒಂದೇ ಹಾಳೆಯಲ್ಲಿ ತಮಿಳು, ಕನ್ನಡ, ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಲಿ. ಅದರಲ್ಲಿ ಕೊಲ್ಲಿ, ಹಳ್ಳ, ದಿಬ್ಬಗಳಿಗೆ ಊರ ಹಿರಿಯರ ಬಾಯಲ್ಲಿರುವ ಬಡಗ ಹೆಸರುಗಳೇ ಇರಲಿ. ನೀರು ಹಾಳೆಯಲ್ಲಿ ನೀಲಿಯಾಗಿ ಕಂಡರೆ ಸಾಲದು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ದೀಪದ ಜತೆಗೆ ಈ ಒಂದು ಹಾಳೆಯನ್ನೂ ಕೇಳಿ ನೋಡೋಣ.