ಗೂಡಿಗೆ ಲಾಟ್ ನಂಬರ್ ಇದೆ, ದೂರಿಗೆ ಯಾಕಿಲ್ಲ?

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ರೈತ ಗೂಡು ತಂದರೆ ಅದಕ್ಕೊಂದು ಲಾಟ್ ನಂಬರ್ ಸಿಗುತ್ತದೆ. ಇ-ಹರಾಜಿನಲ್ಲಿ ರೀಲರ್ ಮೊಬೈಲಿನಿಂದಲೇ ಬಿಡ್ ಹಾಕುತ್ತಾನೆ. ಯಾವ ಲಾಟಿಗೆ ಎಷ್ಟು ರೇಟು ಬಂತು ಅನ್ನುವುದು ಗೊತ್ತಾಗುತ್ತದೆ. ರೇಟಿನ ಬಗ್ಗೆ ಬೇಸರ ಇರಬಹುದು, ಆದರೆ ತನ್ನ ಗೂಡು ಯಾರ ಕೈ ಸೇರಿತು ಅನ್ನುವ ಅನುಮಾನ ರೈತನಿಗೆ ಇರುವುದಿಲ್ಲ.

ಈಗ ಮಾರುಕಟ್ಟೆಯಿಂದ ಮನೆ ಬಾಗಿಲಿಗೆ ಬನ್ನಿ. ರಾಜ್ಯದ ಯಾವ ಸಣ್ಣ ಊರಾದರೂ ಸರಿ, ಮನೆ ಮುಂದೆ ಚರಂಡಿ ಕಟ್ಟಿಕೊಂಡಿದೆ ಅಂದುಕೊಳ್ಳಿ. ವಾರ್ಡ್ ಸದಸ್ಯರಿಗೆ ಫೋನ್ ಮಾಡಿದರೆ ‘ಇಂಜಿನಿಯರ್‌ಗೆ ಹೇಳಿದ್ದೀನಿ’ ಅನ್ನುತ್ತಾರೆ. ಇಂಜಿನಿಯರ್ ‘ಕ್ರಿಯಾಯೋಜನೆಯಲ್ಲಿ ಇಲ್ಲ’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲದೇ ಇರಬಹುದು. ಆದರೆ ಇಬ್ಬರ ಮಾತಿಗೂ ದಾಖಲೆ ಇಲ್ಲ. ಕೊನೆಗೆ ಜನರ ಕೈಗೆ ಸಿಗುವವರು ಬೆಳಿಗ್ಗೆ ಕಸ ಎತ್ತಲು ಬರುವ ಪೌರಕಾರ್ಮಿಕರು, ವಾಲ್ವ್ ತಿರುಗಿಸುವ ನೀರುಗಂಟಿ. ಯಾವ ತೀರ್ಮಾನವೂ ಕೈಯಲ್ಲಿ ಇಲ್ಲದವರೇ ಬೈಗುಳ ತಿನ್ನುತ್ತಾರೆ.

ಖಾತೆ, ಜನನ ಪ್ರಮಾಣಪತ್ರದಂಥ ಸೇವೆಗೆ ‘ಸಕಾಲ’ದಲ್ಲಿ ಅರ್ಜಿ ಹಾಕಿದರೆ ನಂಬರ್ ಕೊಡುತ್ತಾರೆ, ಗಡುವು ಇರುತ್ತದೆ. ಆ ಕಾಯ್ದೆ 2011ರದ್ದು. ಅಂದರೆ ನಂಬರ್ ಕೊಡುವುದು ನಮ್ಮ ಕಚೇರಿಗಳಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಬಾಯಲ್ಲಿ ಹೇಳಿದ ದೂರು, ಫೋನಿನಲ್ಲಿ ಹೇಳಿದ ದೂರು ಮಾತ್ರ ಗಾಳಿಗೆ ಹೋಗುತ್ತದೆ. ನಮ್ಮಲ್ಲಿ ಹೆಚ್ಚಿನವರು ದೂರು ಹೇಳುವುದೇ ಬಾಯಲ್ಲಿ.

ಇನ್ನೊಂದು ವಿಚಿತ್ರ ನೋಡಿ. ನಮ್ಮ ತಾಲ್ಲೂಕಿನ ಮೇಲೂರಿನವರಿಗೋ ಜಂಗಮಕೋಟೆಯವರಿಗೋ ಗ್ರಾಮಸಭೆ ಇದೆ. ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದಕ್ಕೂ ಕೆಳಗೆ ವಾರ್ಡ್ ಸಭೆ ಇದೆ. ಸದಸ್ಯ, ಪಿಡಿಒ, ಜನ ಮೂವರೂ ಒಂದೇ ಕಡೆ ಕೂರುವ ಜಾಗ ಅದು. ನಗರಸಭೆ ಗಡಿ ದಾಟಿ ಒಳಗೆ ಬಂದರೆ? ವಾರ್ಡ್ ಸಮಿತಿ ಇರಲೇಬೇಕು ಎಂದು ಸಂವಿಧಾನದ 243ಎಸ್ ವಿಧಿ ಹೇಳಿರುವುದು 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಊರುಗಳಿಗೆ. 2011ರ ಜನಗಣತಿಯಲ್ಲಿ ಶಿಡ್ಲಘಟ್ಟದ ಜನಸಂಖ್ಯೆ ಸುಮಾರು 51 ಸಾವಿರ. ಹಳ್ಳಿಯವನಿಗೆ ಎದ್ದು ನಿಂತು ಕೇಳುವ ಸಭೆ ಇದೆ, ಬೆಂಗಳೂರಿನವನಿಗೆ ಸಮಿತಿ ಇದೆ, ನಡುವೆ ಸಿಕ್ಕಿಕೊಂಡವರು ನಾವು. ಸಣ್ಣ ಊರಲ್ಲಿ ಸಭೆ ಮಾಡಬೇಡಿ ಎಂದು ಸಂವಿಧಾನ ಎಲ್ಲೂ ಹೇಳಿಲ್ಲ. ಮನಸ್ಸು ಬೇಕಷ್ಟೇ.

ಐದು ವರ್ಷಕ್ಕೊಮ್ಮೆ ಮತ ಹಾಕುತ್ತೀರಲ್ಲ, ಅದೇ ಸಂವಾದ ಅನ್ನುವವರಿದ್ದಾರೆ. ಆ ಲೆಕ್ಕವನ್ನೂ ನೋಡೋಣ. ಇಲ್ಲಿನ ನಗರಸಭೆಗೆ ನಾವು ಮತ ಹಾಕಿದ್ದು 2019ರ ಮೇ ತಿಂಗಳಲ್ಲಿ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ಜಗಳದಲ್ಲಿ ರಾಜ್ಯದ ಊರುಗಳೆಲ್ಲ 2020ರ ಕೊನೆಯವರೆಗೆ ಕಾದವು. ಎರಡನೇ ಅವಧಿಯ ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಆಡಳಿತಾಧಿಕಾರಿಗಳ ಕಾಲ. ಗೆದ್ದ ಸದಸ್ಯನಿಗೇ ಕೂರಲು ಸಭೆ ಇಲ್ಲದಿದ್ದರೆ ಮತ ಹಾಕಿದವನು ಎಲ್ಲಿ ಮಾತಾಡಬೇಕು?

ಸದಸ್ಯರಿಗೂ ಒಂದು ಮಾತು. ವಾರ್ಡಿನ ಪ್ರತಿ ಕೆಲಸವೂ ತಮ್ಮ ಮೂಲಕವೇ ಆಗಬೇಕು ಅನ್ನುವ ಆಸೆ ನಿಮ್ಮಲ್ಲಿ ಹಲವರಿಗಿದೆ. ದಾರಿ ಒಂದೇ ಇದ್ದರೆ ಟೋಲ್ ಬೀಳುತ್ತದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಬಿ ಖಾತೆ ಅಭಿಯಾನ ಶುರು ಮಾಡಿ ಮೂರು ತಿಂಗಳ ಕಾಲಾವಕಾಶ ಕೊಟ್ಟಿತು. ಇಂಥ ಅಭಿಯಾನದಲ್ಲಿ ಯಾವ ದಾಖಲೆ ಬೇಕು, ತೆರಿಗೆ ಎಷ್ಟು ಅನ್ನುವುದು ಮನೆ ಬಾಗಿಲಿಗೆ ಬರದಿದ್ದರೆ ಆ ಬಾಗಿಲಿಗೆ ಮಧ್ಯವರ್ತಿ ಬರುತ್ತಾನೆ.

ನಾವು ವರದಿಗಾರರೂ ಸಾಚಾ ಅಲ್ಲ. ‘ಅಧ್ಯಕ್ಷರು ತಿಳಿಸಿದರು’, ‘ಸೂಚನೆ ನೀಡಿದರು’ ಅಂತ ಎಷ್ಟು ಸುದ್ದಿ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಆ ಸೂಚನೆ ಏನಾಯಿತು ಎಂದು ತಿಂಗಳು ಬಿಟ್ಟು ಹೋಗಿ ನೋಡಿದ್ದು ಬಹಳ ಕಡಿಮೆ. ಫೋಟೋ ಸಿಕ್ಕಿತು, ಸುದ್ದಿ ಮುಗಿಯಿತು.

ಸಭೆ ಕರೆದರೆ ಜನ ಬರಲ್ಲ, ಬಂದರೆ ಗಲಾಟೆ ಮಾಡುತ್ತಾರೆ ಎಂಬ ಉತ್ತರ ರೆಡಿ ಇದೆ. ಗ್ರಾಮಸಭೆಗಳೂ ಎಷ್ಟೋ ಕಡೆ ಕಾಗದದ ಮೇಲೆ ನಡೆಯುತ್ತವೆ, ಒಪ್ಪುತ್ತೇನೆ. ಆದರೆ ಅಲ್ಲಿ ‘ಸಭೆ ಯಾಕೆ ಮಾಡಲಿಲ್ಲ’ ಎಂದು ಕೇಳಲು ಕಾನೂನಿನ ಆಧಾರವಾದರೂ ಇದೆ. ಗಲಾಟೆ ಮಾಡುವವನು ಕೇಳಿಸಿಕೊಳ್ಳುವವರು ಸಿಕ್ಕ ಮೇಲೂ ಹಾಗೇ ಇರುತ್ತಾನಾ, ಒಂದು ವರ್ಷ ನೋಡೋಣ.

ಕೇಳುತ್ತಿರುವುದು ದೊಡ್ಡದೇನಲ್ಲ. ಮೂರು ತಿಂಗಳಿಗೊಮ್ಮೆ ಪ್ರತಿ ವಾರ್ಡಿನಲ್ಲಿ ಒಂದು ಸಭೆ, ಸದಸ್ಯರ ಪಕ್ಕದಲ್ಲಿ ಇಂಜಿನಿಯರ್ ಮತ್ತು ಆರೋಗ್ಯ ನಿರೀಕ್ಷಕರು ಇರಬೇಕು. ಬಾಯಲ್ಲಿ ಹೇಳಿದ ದೂರಿಗೂ ನಂಬರ್ ಮತ್ತು ದಿನಾಂಕ ಬೇಕು. ಆಗದ ಕೆಲಸಕ್ಕೆ ‘ಆಗಲ್ಲ, ಯಾಕೆಂದರೆ’ ಅನ್ನುವ ಲಿಖಿತ ಉತ್ತರ ಬೇಕು. ನಗರಸಭೆ ಸಭೆಯ ನಡಾವಳಿ ಬಸ್ ನಿಲ್ದಾಣದಲ್ಲೂ ನ್ಯಾಯಬೆಲೆ ಅಂಗಡಿಯಲ್ಲೂ ಅಂಟಿಸಬೇಕು, ‘ಸದರಿ’, ‘ಮೇಲ್ಕಂಡ’ ಇಲ್ಲದ ಕನ್ನಡದಲ್ಲಿ. ನಡಾವಳಿ ಜನರಿಗೆ ನೋಡಲು ಸಿಗುತ್ತದೆಯೇ ಎಂದು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) 2005ರಿಂದಲೇ ಹೇಳುತ್ತಿದೆ.

ಮುಂದಿನ ಸಲ ಮತ ಕೇಳಲು ಬಂದವರನ್ನು ರಸ್ತೆ, ದೀಪ ಕೇಳುವ ಮೊದಲು ಇದೊಂದು ಕೇಳಿ: ಗೆದ್ದ ಮೇಲೆ ಇದೇ ಬೀದಿಯಲ್ಲಿ, ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೂರು ತಿಂಗಳಿಗೊಮ್ಮೆ ಕೂರುತ್ತೀರಾ? ಕೂರುತ್ತೇನೆ ಅಂದವರ ಹೆಸರು ಬರೆದಿಟ್ಟುಕೊಳ್ಳಿ. ಮೂರು ತಿಂಗಳು ಬಿಟ್ಟು ಹೋಗಿ ನೋಡುವ ಕೆಲಸ ನಮ್ಮದು.